ದೋಸೆ ಭಟ್ರು ಭಾನುವಾರ ಬರಲಿಲ್ಲ: ಸಣ್ಣ ದರ್ಶಿನಿಗೆ ಕೆಲಸದವರನ್ನು ಹುಡುಕಿ ಉಳಿಸಿಕೊಳ್ಳುವ ಬಗೆ

ಭಾನುವಾರ ಬೆಳಿಗ್ಗೆ ಏಳೂಕಾಲು. ಕಲ್ಲು ಕಾದಿದೆ, ಹಿಟ್ಟು ಉಕ್ಕಿ ನಿಂತಿದೆ, ಕೌಂಟರ್ ಮುಂದೆ ಹನ್ನೆರಡು ಜನ ಟೋಕನ್ ಹಿಡಿದಿದ್ದಾರೆ. ದೋಸೆ ಭಟ್ರ ಫೋನ್ ಸ್ವಿಚ್ ಆಫ್. ಕೊನೆಗೆ ನಾನೇ ಸೌಟು ಹಿಡಿದೆ. ಮೊದಲ ಆರು ದೋಸೆ ಕಲ್ಲಿಗೇ ಅಂಟಿದವು. ಏಳನೆಯದು ಎದ್ದು ಬಂತು, ಆದರೆ ಅದರ ಆಕಾರ ನೋಡಿದ ಹಿರಿಯರೊಬ್ಬರು, "ಪರವಾಗಿಲ್ಲ, ಎರಡು ಇಡ್ಲಿನೇ ಕೊಟ್ಬಿಡಿ" ಅಂದರು.

ಬೆಂಗಳೂರಲ್ಲಿ ಹೋಟೆಲ್ ನಡೆಸುವವರು ನಾಲ್ಕು ಜನ ಸೇರಿದರೆ ಮಾತು ಒಂದೇ: "ಹುಡುಗ್ರು ಸಿಗಲ್ಲ ಕಣ್ರೀ." ನಾನೂ ಎಷ್ಟೋ ವರ್ಷ ಇದನ್ನೇ ಹೇಳಿಕೊಂಡು ತಿರುಗಿದೆ. ಆಮೇಲೆ ಒಂದು ದಿನ ಹಾಜರಿ ಪುಸ್ತಕ ತೆಗೆದು ಎಣಿಸಿದೆ. ಒಂದೇ ವರ್ಷದಲ್ಲಿ ನನ್ನ ಹೋಟೆಲಿಗೆ 31 ಜನ ಬಂದು ಸೇರಿದ್ದರು. ಇದ್ದ ಕೆಲಸಗಳು 12. ಹುಡುಗರು ಸಿಗುತ್ತಿದ್ದರು, ನಿಲ್ಲುತ್ತಿರಲಿಲ್ಲ. ಇವೆರಡೂ ಬೇರೆ ಬೇರೆ ಕಾಯಿಲೆ, ಮದ್ದೂ ಬೇರೆ.

ದರ್ಶಿನಿ ಹುಟ್ಟಿದ್ದೇ ಕಡಿಮೆ ಜನರಲ್ಲಿ ಬೇಗ ಬಡಿಸುವ ದಾರಿಯಾಗಿ. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಕೆಫೆ ದರ್ಶಿನಿ ತೆರೆದಾಗ ಕುರ್ಚಿ ಇಲ್ಲ, ಸಪ್ಲೈಯರ್ ಇಲ್ಲ, ದುಡ್ಡು ಕೊಟ್ಟು ಟೋಕನ್ ತಗೊಂಡು ನಿಂತೇ ತಿನ್ನಬೇಕು ಎಂಬ ಕ್ರಮ ಬಂತು. ಆಗ ಕೆಲಸಕ್ಕೆ ಬರುತ್ತಿದ್ದವರು ಹೆಚ್ಚಾಗಿ ಕುಂದಾಪುರ, ಬ್ರಹ್ಮಾವರ, ಉಡುಪಿ ಕಡೆಯ ಹುಡುಗರು. ಮಾವನೋ ದೊಡ್ಡಪ್ಪನ ಮಗನೋ ಮೊದಲೇ ಇಲ್ಲಿರುತ್ತಿದ್ದ, ಅವನ ಹಿಂದೆ ಇವನು. ಈಗ ಆ ಮನೆಗಳ ಮಕ್ಕಳು ಓದಿ ಬೇರೆ ಕೆಲಸ ಹಿಡಿದಿದ್ದಾರೆ. ಒಳ್ಳೆಯದೇ ಆಯಿತು ಬಿಡಿ. ಈಗ ಪಾತ್ರೆ ತೊಳೆಯುವಲ್ಲಿಂದ ಕಾಫಿ ಕೌಂಟರ್‌ವರೆಗೆ ಒಡಿಶಾ, ಬಿಹಾರ, ಅಸ್ಸಾಂ, ಬಂಗಾಳ, ನೇಪಾಳದವರು. ಸಂಬಂಧಿಕರ ಮುಲಾಜು ಇಲ್ಲದ ಈ ಹೊಸ ಏರ್ಪಾಟಿಗೆ ನಾವು ಓನರ್‌ಗಳು ಇನ್ನೂ ಒಗ್ಗಿಕೊಂಡಿಲ್ಲ. ನಾನು ಎಡವಿ ಕಲಿತದ್ದನ್ನು ಮಾಡಬೇಕಾದ ಕ್ರಮದಲ್ಲೇ ಬರೆದಿದ್ದೇನೆ.

1. ಮೊದಲು ಜನರನ್ನಲ್ಲ, ಜಾಗಗಳನ್ನು ಎಣಿಸಿ

ಒಂದು ಹಾಳೆ ತೆಗೆದುಕೊಳ್ಳಿ. ಯಾರ ಹೆಸರನ್ನೂ ಬರೆಯಬೇಡಿ. ಯಾವ ಹೊತ್ತಲ್ಲಿ ಎಲ್ಲೆಲ್ಲಿ ಒಬ್ಬರು ನಿಂತಿರಲೇಬೇಕು ಅಂತ ಮಾತ್ರ ಬರೆಯಿರಿ. ನನ್ನ ಲೆಕ್ಕ ಹೀಗಿದೆ. ಬೆಳಿಗ್ಗೆ ದೋಸೆ ಕಲ್ಲು, ಇಡ್ಲಿ-ವಡೆ, ಬಾತು-ಸಾಂಬಾರು, ಕಾಫಿ, ಕೌಂಟರ್, ಕ್ಲೀನಿಂಗ್, ಹೆಲ್ಪರ್ ಸೇರಿ ಏಳು. ಮಧ್ಯಾಹ್ನದ ಮೇಲೆ ದೋಸೆ, ಅಡುಗೆ, ಕಾಫಿ, ಕೌಂಟರ್, ಕ್ಲೀನಿಂಗ್ ಅಂತ ಐದು. ಗಲ್ಲಾದಲ್ಲಿ ನಾನು, ಇಲ್ಲವೇ ನನ್ನ ಹೆಂಡತಿ. ಒಟ್ಟು 12 ಜಾಗ.

12 ಜಾಗಕ್ಕೆ 12 ಜನ ಸಾಕು ಅಂದುಕೊಂಡಲ್ಲೇ ನಾನು ಜಾರಿದ್ದು. ವಾರಕ್ಕೆ ಏಳು ದಿನ ತೆರೆದಿರುತ್ತೇವೆ, ಅಂದರೆ 84 ಆಳುದಿನ (ಒಬ್ಬರ ಒಂದು ದಿನದ ಕೆಲಸ ಒಂದು ಆಳುದಿನ). ಒಬ್ಬೊಬ್ಬನಿಗೂ ವಾರಕ್ಕೊಂದು ರಜೆ ಕೊಟ್ಟರೆ ಅವನು ಆರು ದಿನ ಸಿಗುತ್ತಾನೆ. 84ನ್ನು ಆರರಿಂದ ಭಾಗಿಸಿ, 14 ಬರುತ್ತದೆ. ಇನ್ನು ದೂರದ ಹುಡುಗ ವರ್ಷಕ್ಕೊಮ್ಮೆ ಊರಿಗೆ ಹೋದರೆ ಒಂದು ತಿಂಗಳು ಬರುವುದಿಲ್ಲ. 14 ಜನರದ್ದು 14 ತಿಂಗಳಾಯಿತು. ಅಲ್ಲಿಗೆ ಕಡೇಪಕ್ಷ ಇನ್ನೂ ಒಬ್ಬ ಬೇಕು. 15 ಜನರ ಹೋಟೆಲನ್ನು ನಾನು ಹನ್ನೆರಡರಲ್ಲಿ ಓಡಿಸುತ್ತಿದ್ದೆ. ಆ ಮೂವರ ಕೆಲಸವನ್ನು ಉಳಿದವರ ಬೆನ್ನ ಮೇಲೆ ಹಾಕಿ ಅದನ್ನೇ ಲಾಭ ಅಂದುಕೊಂಡಿದ್ದೆ.

ಕೆಲಸವನ್ನು ಜಾಗಗಳಾಗಿ ಒಡೆಯುವುದು ಹೊಸ ಉಪಾಯವೇನಲ್ಲ. 1948ರಲ್ಲಿ ಅಮೆರಿಕದ ಸ್ಯಾನ್ ಬರ್ನಾರ್ಡಿನೋದಲ್ಲಿ ಮೆಕ್‌ಡೊನಾಲ್ಡ್ ಸಹೋದರರು ತಮ್ಮ ಅಡುಗೆಮನೆಯನ್ನು ಇದೇ ರೀತಿ ಬದಲಾಯಿಸಿದರು. ಒಬ್ಬ ಹುರಿಯುವವನು, ಒಬ್ಬ ಕಟ್ಟುವವನು, ಒಬ್ಬ ಶೇಕ್ ಮಾಡುವವನು. ಹೊಸಬ ಬೇಗ ಕಲಿಯುತ್ತಾನೆ ಅನ್ನುವುದು ಅದರ ಅನುಕೂಲ. ಆದರೆ ಮಸಾಲೆ ದೋಸೆ ಬರ್ಗರ್ ಅಲ್ಲ. ದೋಸೆ ಕಲ್ಲಿನ ಮುಂದೆ ನಿಲ್ಲುವವನು ಒಂದು ವಾರದಲ್ಲಿ ತಯಾರಾಗುವುದಿಲ್ಲ. ಆ ಮಾತಿಗೆ ಮುಂದೆ ಬರುತ್ತೇನೆ.

2. ಬ್ರೇಕ್ ಶಿಫ್ಟ್ ಬಿಡಿ

ನಮ್ಮಲ್ಲಿ ಹಳೇ ಪದ್ಧತಿ ಒಂದಿದೆ. ಬೆಳಿಗ್ಗೆ ಐದರಿಂದ ಹನ್ನೊಂದರವರೆಗೆ ಕೆಲಸ, ಮಧ್ಯೆ "ಮಲಗ್ಕೊಳ್ಳಿ", ಮತ್ತೆ ನಾಲ್ಕರಿಂದ ರಾತ್ರಿ ಒಂಬತ್ತು. ಕೇಳಿದರೆ "ಮಧ್ಯೆ ಐದು ಗಂಟೆ ರೆಸ್ಟ್ ಕೊಡ್ತೀವಲ್ಲ" ಅನ್ನುತ್ತೇವೆ. ಹುಡುಗನಿಗೆ ಅದು ರೆಸ್ಟ್ ಅಲ್ಲ. ಬಟ್ಟೆ ಒಗೆದು, ಊಟ ಮಾಡಿ, ಕಣ್ಣು ಮುಚ್ಚುವಷ್ಟರಲ್ಲಿ ಮತ್ತೆ ಏಳಬೇಕು. ಅವನ ಪೂರ್ತಿ ದಿನ ನಮ್ಮದಾಯಿತು.

ಕಾನೂನಿಗೂ ಇದು ಸರಿಹೋಗುವುದಿಲ್ಲ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಗಿಂತ ಜಾಸ್ತಿ ಕೆಲಸ ಮಾಡಿಸಿದರೆ ಅದು ಓಟಿ, ಅದಕ್ಕೆ ಎರಡು ಪಟ್ಟು ಕೂಲಿ. ಐದು ಗಂಟೆ ಸತತ ದುಡಿದ ಮೇಲೆ ಒಂದು ಗಂಟೆ ವಿರಾಮ ಕೊಡಬೇಕು. ವಿರಾಮವೂ ಸೇರಿ ಕೆಲಸದ ಹರವು 12 ಗಂಟೆ ದಾಟಬಾರದು. ಬೆಳಿಗ್ಗೆ ಐದಕ್ಕೆ ಬಂದವನು ಸಂಜೆ ಐದಕ್ಕೆ ಹೊರಗಿರಬೇಕು, ಅಷ್ಟೇ.

ನಾನು ಈಗ ಎರಡೇ ಶಿಫ್ಟ್ ಇಟ್ಟಿದ್ದೇನೆ. ಬೆಳಿಗ್ಗೆ 5ರಿಂದ 2, ಮಧ್ಯಾಹ್ನ 1ರಿಂದ 10. ಊಟ-ವಿರಾಮದ ಒಂದು ಗಂಟೆ ಕಳೆದರೆ ಕೆಲಸ ಎಂಟು ಗಂಟೆ. ಆರು ದಿನಕ್ಕೆ ಸರಿಯಾಗಿ 48. ಒಂದರಿಂದ ಎರಡರವರೆಗೆ ಎರಡೂ ಗುಂಪು ಇರುತ್ತದೆ, ಊಟದ ರಶ್ಶೂ ಆಗಲೇ. ಮೂರು ಸಂಬಳ ಜಾಸ್ತಿಯಾಯಿತು, ನಿಜ. ಅದಕ್ಕೆ ಬದಲು ತಿಂಗಳಿಗೆ ಎರಡು ಮೂರು ಹೊಸಬರನ್ನು ಕರೆತಂದು, ಕಲಿಸಿ, ಅವರು ಒಡೆದ ಲೋಟ, ಸೀಸಿದ ಪಲ್ಯ, ಮುಳುಗಿಸಿದ ಅಡ್ವಾನ್ಸ್ ಇವುಗಳ ಖರ್ಚು ನಿಂತಿತು. ನೀವೂ ಒಮ್ಮೆ ಬರೆದು ಕೂಡಿಸಿ ನೋಡಿ.

3. ಎಲ್ಲರನ್ನೂ ಒಂದೇ ಊರಿಂದ ತರಬೇಡಿ

ಇರುವ ಹುಡುಗನ ಕೈಲೇ ಹೇಳಿಸುವುದು ಎಲ್ಲಕ್ಕಿಂತ ಸುಲಭ. ಅವನು ಒಂದು ಫೋನ್ ಮಾಡಿದರೆ ನಾಲ್ಕು ಜನ ರೈಲು ಹತ್ತುತ್ತಾರೆ. ಹೊಸಬರಿಗೂ ಮಾತಾಡಲು ಜನ ಸಿಗುತ್ತಾರೆ. ತೊಂದರೆ ಏನಂದರೆ, ಅವನು ಹೊರಟಾಗ ಆ ನಾಲ್ವರೂ ಹೊರಡುತ್ತಾರೆ. ಊರಲ್ಲಿ ಒಂದು ಮದುವೆ ಇದ್ದರೂ ಸಾಕು, ನಿಮ್ಮ ಅಡುಗೆಮನೆ ಖಾಲಿ. ಒಂದು ಊರಿನವರು ಮೂರರಲ್ಲಿ ಒಂದು ಪಾಲು ದಾಟದ ಹಾಗೆ ನೋಡಿಕೊಳ್ಳುತ್ತೇನೆ. ಎರಡೂ ಶಿಫ್ಟಿನ ಕಾಫಿ, ಇಲ್ಲವೇ ಎರಡೂ ಶಿಫ್ಟಿನ ದೋಸೆ ಒಂದೇ ಊರಿನವರ ಕೈಗೆ ಹೋಗಬಾರದು.

ಏಜೆಂಟ್ ಮೂಲಕ ತಂದರೆ ಕಮಿಷನ್ ಯಾರು ಕೊಡುತ್ತಿದ್ದಾರೆ ಅಂತ ಹುಡುಗನನ್ನೇ ಬೇರೆ ಕರೆದು ಕೇಳಿ. ಎಷ್ಟೋ ಸಲ ನಮ್ಮಿಂದಲೂ ತಗೊಂಡು, ಅವನ ಮೊದಲ ಸಂಬಳದಲ್ಲೂ ಕಿತ್ತುಕೊಂಡಿರುತ್ತಾರೆ. ಸಾಲ ಹೊತ್ತುಕೊಂಡೇ ಬಂದವನು ನೂರು ರೂಪಾಯಿ ಜಾಸ್ತಿ ಸಿಗುವ ಕಡೆ ಹಾರದೆ ಏನು ಮಾಡುತ್ತಾನೆ?

ವಯಸ್ಸಿನ ವಿಷಯದಲ್ಲಿ ಮುಲಾಜೇ ಬೇಡ. 14 ವರ್ಷದೊಳಗಿನ ಮಕ್ಕಳನ್ನು ಹೋಟೆಲು, ಢಾಬಾಗಳಲ್ಲಿ ದುಡಿಸುವುದಕ್ಕೆ 2006ರ ಅಕ್ಟೋಬರ್ 10ರಿಂದಲೇ ನಿಷೇಧ ಇದೆ. 2016ರ ತಿದ್ದುಪಡಿ ಅದನ್ನು ಇನ್ನೂ ಬಿಗಿ ಮಾಡಿತು. ನಾನು 18 ತುಂಬದವರನ್ನು ತೆಗೆದುಕೊಳ್ಳುವುದೇ ಇಲ್ಲ. "ನಮ್ಮ ಅಣ್ಣನ ಮಗ, ಸುಮ್ನೆ ಜೊತೆಗೆ ಬಂದಿದ್ದಾನೆ" ಅಂತ ಯಾರಾದರೂ ಹೇಳಿದರೆ ಊಟ ಹಾಕಿ, ವಾಪಸ್ ಹೋಗುವ ರೈಲಿನ ಟಿಕೆಟ್ ತೆಗೆಸಿಕೊಡಿ.

4. ಅಡ್ವಾನ್ಸ್

ಹೋಟೆಲ್ ಲೈನಿನಲ್ಲಿ ಜಗಳಗಳೆಲ್ಲ ಇಲ್ಲಿಂದಲೇ ಶುರು. ಭಟ್ರು ಅಂತ ಹೆಸರು ಮಾಡಿದವರು ಬರುವ ಮೊದಲೇ ಕೈಮುಂಗಡ ಕೇಳುತ್ತಾರೆ. ಕೊಟ್ಟರೆ ಕೆಲವರು ಬರುವುದೇ ಇಲ್ಲ. ಕೊಡದಿದ್ದರೆ ಪಕ್ಕದ ರಸ್ತೆಯವರು ಕೊಡುತ್ತಾರೆ. ಇದಕ್ಕೆ ಓನರ್‌ಗಳು ಕಂಡುಕೊಂಡ ದಾರಿ ಆಧಾರ್ ಕಾರ್ಡ್ ಇಟ್ಟುಕೊಳ್ಳುವುದು, ಒಂದು ತಿಂಗಳ ಸಂಬಳ ಹಿಡಿದಿಡುವುದು. ಎರಡೂ ತಪ್ಪು. "ಸಾಲ ತೀರಿಸುವವರೆಗೆ ಎಲ್ಲೂ ಹೋಗೋ ಹಾಗಿಲ್ಲ" ಅಂತ ಒಬ್ಬನನ್ನು ಹಿಡಿದಿಟ್ಟರೆ ಅದು 1976ರ ಜೀತಪದ್ಧತಿ ರದ್ದತಿ ಕಾಯ್ದೆಯಡಿ ಬರುತ್ತದೆ. ಜೀತ ಅಂದ ಕೂಡಲೇ ನಮಗೆ ಹೊಲ-ಗದ್ದೆ ನೆನಪಾಗುತ್ತದೆ. ಹೋಟೆಲಿನ ಹಿಂಬದಿ ನೆನಪಾಗುವುದಿಲ್ಲ.

ನಾನು ನಗದು ಕೊಡುವುದು ಬಿಟ್ಟೆ. ರೈಲಿನ ಟಿಕೆಟ್ ನಾನೇ ತೆಗೆಸುತ್ತೇನೆ. ಮೊದಲ ತಿಂಗಳು ಸಂಬಳವನ್ನು ಎರಡು ಕಂತಲ್ಲಿ, 15ಕ್ಕೆ ಅರ್ಧ, ತಿಂಗಳ ಕೊನೆಗೆ ಅರ್ಧ ಕೊಡುತ್ತೇನೆ. ಮನೆಗೆ ದುಡ್ಡು ಕಳಿಸುವ ಅವಸರ ಇರುವವನಿಗೆ ಇದು ಅಡ್ವಾನ್ಸ್‌ಗಿಂತ ಮೇಲು. ಆಮೇಲೆ ಪ್ರತಿ ತಿಂಗಳು 5ನೇ ತಾರೀಕು ಬೆಳಿಗ್ಗೆ ಅವನ ಖಾತೆಗೇ ಹಾಕುತ್ತೇನೆ. ಅವತ್ತು ಭಾನುವಾರವಾದರೂ ಸರಿ, ಹಿಂದಿನ ವಾರ ವ್ಯಾಪಾರ ಬಿದ್ದಿದ್ದರೂ ಸರಿ. ಎಷ್ಟು ಕೊಡುತ್ತೀರಿ ಅನ್ನುವುದರಷ್ಟೇ ಯಾವತ್ತು ಕೊಡುತ್ತೀರಿ ಅನ್ನುವುದೂ ಹುಡುಗರ ಬಾಯಲ್ಲಿ ಊರಿಂದ ಊರಿಗೆ ಹೋಗುತ್ತದೆ.

ಕನಿಷ್ಠ ಕೂಲಿ ಎಷ್ಟು ಅಂತ ಪ್ರತಿ ಏಪ್ರಿಲ್‌ನಲ್ಲಿ ನೋಡಿಕೊಳ್ಳಿ, ತುಟ್ಟಿಭತ್ಯೆ ಆಗಲೇ ಬದಲಾಗುವುದು.

5. ಮೇಲೆ ಹೋಗಿ ರೂಮು ನೋಡಿ

ಆ ಭಾನುವಾರ ಮಧ್ಯಾಹ್ನ ಭಟ್ರ ಸಾಮಾನು ಇದೆಯಾ ನೋಡೋಣ ಅಂತ ಹೋಟೆಲ್ ಮೇಲಿನ ರೂಮಿಗೆ ಹೋದೆ. ನಿಜ ಹೇಳುತ್ತೇನೆ, ಒಂದೂವರೆ ವರ್ಷದಿಂದ ನಾನು ಆ ಮೆಟ್ಟಿಲು ಹತ್ತಿರಲಿಲ್ಲ. ಹತ್ತಕ್ಕೆ ಹನ್ನೆರಡರ ರೂಮಲ್ಲಿ ಎಂಟು ಹಾಸಿಗೆ. ಹಗ್ಗದ ಮೇಲೆ ಒದ್ದೆ ಬಟ್ಟೆ. ಗೋಡೆಯಲ್ಲಿ ತಿಗಣೆ ಒರೆಸಿದ ಕೆಂಪು ಗೀಟುಗಳು. ಫ್ಯಾನಿನ ಸ್ವಿಚ್ ಒತ್ತಿದೆ, ಗುಂಯ್ ಅಂತ ಸದ್ದು ಮಾಡಿತು, ತಿರುಗಲಿಲ್ಲ. ಅಲ್ಲಿದ್ದ ಕ್ಲೀನರ್ ಹುಡುಗ ಎದ್ದು, ಮೂಲೆಯಲ್ಲಿದ್ದ ಕೋಲಿನಿಂದ ರೆಕ್ಕೆಯನ್ನು ಒಮ್ಮೆ ತಳ್ಳಿದ. ಆಗ ತಿರುಗಿತು. ಆ ಕೋಲಿನ ತುದಿ ಸವೆದು ನುಣ್ಣಗಾಗಿತ್ತು.

ಮೂರು ವಾರ ಕಳೆದ ಮೇಲೆ ಭಟ್ರು ಎರಡು ಕಿಲೋಮೀಟರ್ ಆಚೆಯ ಇನ್ನೊಂದು ಹೋಟೆಲಲ್ಲಿ ಸಿಕ್ಕರು. ಸಿಟ್ಟು ಇಳಿದಿತ್ತು. "ಏನ್ ಭಟ್ರೇ, ಸಂಬಳ ಜಾಸ್ತಿ ಕೊಟ್ರಾ?" ಅಂದೆ. ದೋಸೆ ಮಗುಚುತ್ತಲೇ ಹೇಳಿದರು: "ಸಂಬಳ ಅಷ್ಟೇ. ಅಲ್ಲಿ ಫ್ಯಾನ್ ತಿರುಗ್ತದೆ ಮಾರಾಯ್ರೆ."

ಹಾಗಾಗಿ ತಿಂಗಳಿಗೊಮ್ಮೆ ರೂಮಿನಲ್ಲಿ ಹತ್ತು ನಿಮಿಷ ಕೂತು ಬನ್ನಿ. ಬರೀ ಬಾಗಿಲಲ್ಲಿ ನಿಂತು ಇಣುಕಬೇಡಿ. ಒಬ್ಬೊಬ್ಬನಿಗೂ ಬೀಗ ಹಾಕುವ ಒಂದು ಪೆಟ್ಟಿಗೆ, ಒಂದು ಚಾರ್ಜಿಂಗ್ ಪಾಯಿಂಟ್, ಕೆಲಸ ಮುಗಿಸಿ ಎಣ್ಣೆ ಜಿಡ್ಡು ತೊಳೆಯಲು ಬಿಸಿನೀರು. ವರ್ಷಕ್ಕೆ ಎರಡು ಸಲ ತಿಗಣೆ ಔಷಧಿ. ಬೆಳಗಿನ ಶಿಫ್ಟಿನವರನ್ನೂ ರಾತ್ರಿ ಶಿಫ್ಟಿನವರನ್ನೂ ಒಂದೇ ರೂಮಿಗೆ ಹಾಕಬೇಡಿ. ಒಬ್ಬ ಮಲಗುವ ಹೊತ್ತಿಗೆ ಇನ್ನೊಬ್ಬ ರೀಲ್ಸ್ ನೋಡುತ್ತಿರುತ್ತಾನೆ. ನನ್ನ ಹೋಟೆಲಿನಲ್ಲಿ ನಡೆದ ಎರಡು ಹೊಡೆದಾಟಕ್ಕೂ ಇದೇ ಕಾರಣ.

ಊಟದ ಬಗ್ಗೆಯೂ ಒಂದು ಮಾತು. ಬೆಳಿಗ್ಗೆ ಉಳಿದ ಬಾತೇ ರಾತ್ರಿ ಅವರ ಊಟ ಆಗಬಾರದು. ಅಸ್ಸಾಮಿನವನಿಗೆ ಮೂರು ಹೊತ್ತೂ ಸಾಂಬಾರು ಇಳಿಯುವುದಿಲ್ಲ. ವಾರಕ್ಕೆ ಎರಡು ರಾತ್ರಿ ಅವರೇ ಏನಾದರೂ ಮಾಡಿಕೊಳ್ಳಲಿ ಅಂತ ಅಕ್ಕಿ, ಬೇಳೆ, ಆಲೂಗಡ್ಡೆ, ಸಾಸಿವೆ ಎಣ್ಣೆ ಬಿಟ್ಟುಕೊಟ್ಟೆ. ಆ ಎರಡು ರಾತ್ರಿ ಅಡುಗೆಮನೆಯಲ್ಲಿ ಹಾಡು ಕೇಳಿಸುತ್ತದೆ.

6. ಮೊದಲ 15 ದಿನ

ಬಿಟ್ಟು ಹೋಗುವವರಲ್ಲಿ ಹೆಚ್ಚಿನವರು ಹೋಗುವುದು ಈ ಹದಿನೈದು ದಿನಗಳಲ್ಲೇ. ರೈಲಿಳಿದು ಬಂದ ಹುಡುಗನನ್ನು ಅವತ್ತೇ ಸಂಜೆ ಪಾತ್ರೆ ರಾಶಿಯ ಮುಂದೆ ನಿಲ್ಲಿಸಿದರೆ ಯಾರು ತಾನೇ ಉಳಿಯುತ್ತಾರೆ? ಒಂದು ದಿನ ಮಲಗಲಿ. ಎರಡನೇ ದಿನ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಆಹಾರ ಮುಟ್ಟುವ ಎಲ್ಲರಿಗೂ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು, ಟೈಫಾಯಿಡ್ ಲಸಿಕೆ ಹಾಕಿಸಬೇಕು, ಕಾಗದ ಹೋಟೆಲಲ್ಲಿ ಇರಬೇಕು. ಇದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. 25 ಜನಕ್ಕೆ ಒಬ್ಬರಂತೆ ಫಾಸ್ಟ್ಯಾಕ್, ಅಂದರೆ ಅದೇ ಪ್ರಾಧಿಕಾರದ ಆಹಾರ ಸುರಕ್ಷತೆ ತರಬೇತಿ, ಪಡೆದ ಮೇಲ್ವಿಚಾರಕರೂ ಬೇಕು. ಟೋಲ್ ಗೇಟಿನ ಫಾಸ್ಟ್ಯಾಗ್ ಅಲ್ಲ, ಇದು ಬೇರೆ. ನಾನೂ ಮೊದಲು ಗೊಂದಲ ಮಾಡಿಕೊಂಡಿದ್ದೆ.

ಆಮೇಲೆ ಭಾಷೆ. ಕೌಂಟರ್ ಹಿಂದಿನ ಗೋಡೆಗೆ ಇಪ್ಪತ್ತು ಮಾತುಗಳ ಒಂದು ಹಾಳೆ ಅಂಟಿಸಿದ್ದೇನೆ. "ಸಕ್ಕರೆ ಕಮ್ಮಿ", "ಸ್ಟ್ರಾಂಗು", "ಬೈ-ಟೂ", "ಚಟ್ನಿ ಬೇರೆ", "ಸಾಂಬಾರ್‌ನಲ್ಲಿ ಅದ್ದಿ", "ಎಣ್ಣೆ ಬೇಡ", "ಪಾರ್ಸೆಲ್", "ಒಂದ್ ನಿಮಿಷ ಸಾರ್". ಪಕ್ಕದಲ್ಲಿ ಅದೇ ಉಚ್ಚಾರ ಹಿಂದಿ, ಒಡಿಯಾ ಲಿಪಿಯಲ್ಲಿ. ಒಡಿಯಾ ಬರೆದುಕೊಟ್ಟವನು ನಮ್ಮ ಕಾಫಿ ಹುಡುಗನೇ. ಗಿರಾಕಿಗಳು ರೇಗುವುದು ಹೆಚ್ಚಾಗಿ ಭಾಷೆ ಬರದಿದ್ದಕ್ಕಲ್ಲ, ಕೇಳಿದ್ದು ಒಂದು, ಬಂದದ್ದು ಇನ್ನೊಂದು ಅನ್ನುವುದಕ್ಕೆ. ಇಪ್ಪತ್ತು ಮಾತು ಬಂದರೆ ಆ ಜಗಳ ನಿಲ್ಲುತ್ತದೆ. "ಸಾಕಾ ಅಮ್ಮಾ?" ಅಂತ ಅವನೇ ಕೇಳಲು ಕಲಿತ ದಿನ ಎದುರಿಗಿದ್ದ ಅಜ್ಜಿ ನಕ್ಕುಬಿಟ್ಟರು.

7. ಭಟ್ರ ಕೈಯಲ್ಲಿರುವುದನ್ನು ಇನ್ನೊಬ್ಬರ ಕೈಗೂ ಬರಿಸಿ

ದೋಸೆ ಭಟ್ರು ಯಾರಿಗೂ ಕಲಿಸುವುದಿಲ್ಲ ಅಂತ ಬೈಯುತ್ತೇವೆ. ಅವರ ಜಾಗದಲ್ಲಿ ನಿಂತು ಯೋಚಿಸಿ. ಕಲಿಸಿದ ಮರುದಿನ ಅವರ ಬೆಲೆ ಇಳಿಯುತ್ತದೆ. ಹಾಗಾಗಿ ಕಲಿಸುವುದಕ್ಕೂ ದುಡ್ಡು ಕೊಡಿ. ಒಬ್ಬ ಹೆಲ್ಪರ್ ಸೋಮವಾರ ಬೆಳಿಗ್ಗೆ ಒಬ್ಬನೇ ಕಲ್ಲು ನಿಭಾಯಿಸಿದರೆ ಹೊಸ ಭಟ್ರಿಗೆ ಇಷ್ಟು ಅಂತ ಮೊದಲೇ ಹೇಳಿದೆ. ಮೂರು ತಿಂಗಳಲ್ಲಿ ಇಬ್ಬರು ತಯಾರಾದರು.

ಕಲ್ಲಿನ ಕೆಲಸ ನೋಡಿದವರಿಗೆ ಗೊತ್ತು, ಅದು ಬರೀ ಹಿಟ್ಟು ಹುಯ್ಯುವುದಲ್ಲ. ನೀರು ಚಿಮುಕಿಸಿದಾಗ ಬರುವ ಚುಯ್ ಸದ್ದಿನಲ್ಲಿ ಕಾವು ಗೊತ್ತಾಗಬೇಕು. ಪೊರಕೆಯಲ್ಲಿ ಒಮ್ಮೆ ಗುಡಿಸಿ, ಆ ಕಾವು ಇಳಿದ ಕ್ಷಣದಲ್ಲೇ ಹಿಟ್ಟು ಬೀಳಬೇಕು. ಇದು ಬಾಯಲ್ಲಿ ಹೇಳಿದರೆ ಬರುವುದಿಲ್ಲ. ಆದರೆ ಅಕ್ಕಿ-ಉದ್ದು ಎಷ್ಟೆಷ್ಟು, ಎಷ್ಟು ಹೊತ್ತು ನೆನೆಸಬೇಕು, ಮಳೆಗಾಲದಲ್ಲಿ ಹಿಟ್ಟು ಎಲ್ಲಿಡಬೇಕು ಎಂಬುದೆಲ್ಲ ಬರೆಯಬಹುದು. ತೂಕದಲ್ಲಿ ಬರೆಯಿರಿ. "ಒಂದು ಡಬ್ಬ" ಅಂತ ಬರೆದರೆ ಆ ಡಬ್ಬ ಕಳೆದ ದಿನ ರುಚಿಯೂ ಕಳೆಯಿತು.

ಈಗೀಗ ಹಿಟ್ಟು, ಸಾಂಬಾರು ಪುಡಿ ಎಲ್ಲ ಒಂದೇ ಕಡೆ ಮಾಡಿ ನಾಲ್ಕೈದು ಶಾಖೆಗೆ ಕಳಿಸುವ ಹೋಟೆಲುಗಳಿವೆ. ಸ್ಕ್ಯಾನ್ ಮಾಡಿ ದುಡ್ಡು ಕೊಡುವುದು ಬಂದ ಮೇಲೆ ಚಿಲ್ಲರೆ ತಾಪತ್ರಯ ಇಲ್ಲ. ಇವು ಹಗುರ ಮಾಡಿವೆ. ದೋಸೆ ಮೆಷಿನ್ ಬಗ್ಗೆ ಮಾತ್ರ ನನ್ನನ್ನು ಕೇಳಬೇಡಿ.

8. ರಜೆ, ಹಬ್ಬ, ರೈಲು

ನಮ್ಮ ಕ್ಯಾಲೆಂಡರಿನಲ್ಲಿ ಯುಗಾದಿ, ಗಣೇಶ, ದೀಪಾವಳಿ ಇವೆ. ಅವರದ್ದು ಬೇರೆ. ಅಸ್ಸಾಮಿನವರಿಗೆ ಏಪ್ರಿಲ್ ನಡುವೆ ಬಿಹು, ಒಡಿಶಾದವರಿಗೆ ಜೂನ್‌ನಲ್ಲಿ ರಜ ಹಬ್ಬ, ಬಂಗಾಳದವರಿಗೆ ದುರ್ಗಾಪೂಜೆ, ಬಿಹಾರದವರಿಗೆ ದೀಪಾವಳಿ ಕಳೆದು ಆರನೇ ದಿನಕ್ಕೆ ಛಠ್. ಚುನಾವಣೆಗೂ ಹೋಗುತ್ತಾರೆ. ಇವನ್ನೆಲ್ಲ ಜನವರಿಯಲ್ಲೇ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಯಾರು ಯಾವಾಗ ಅಂತ ಅವರನ್ನೇ ಕೂರಿಸಿ ಬರೆಸಿ.

2024ರ ನವೆಂಬರ್‌ನಿಂದ ರೈಲಿನ ಮುಂಗಡ ಬುಕಿಂಗ್ 60 ದಿನಕ್ಕೆ ಇಳಿದಿದೆ. ಹೋಗುವ ದಿನದ ಬುಕಿಂಗ್ ತೆರೆದ ಬೆಳಿಗ್ಗೆಯೇ ಕೂತು ಹೋಗುವ ಟಿಕೆಟ್, ಬರುವ ದಿನದ್ದು ತೆರೆದ ಬೆಳಿಗ್ಗೆ ಬರುವ ಟಿಕೆಟ್ ತೆಗೆಸಿ. ಬರುವ ಟಿಕೆಟ್ ಕೈಯಲ್ಲಿ ಇದ್ದವನು ಸಾಮಾನ್ಯವಾಗಿ ಬರುತ್ತಾನೆ. ಟಿಕೆಟ್ ಸಿಗದೆ ಊರಲ್ಲೇ ಉಳಿದವನನ್ನು "ಕೈ ಕೊಟ್ಟ" ಅಂತ ನಾವು ಬೈದುಕೊಂಡಿರುತ್ತೇವೆ.

ವಾರದ ರಜೆ ಶನಿವಾರ-ಭಾನುವಾರ ಕೊಡಲಾಗದು, ಸರಿ. ಆದರೆ ದಿನ ಯಾವುದು ಅಂತ ಗಟ್ಟಿ ಮಾಡಿ, ಸಂಬಳ ಕತ್ತರಿಸಬೇಡಿ. "ನಾಳೆ ತಗೋ" ಅಂತ ಎರಡು ಸಲ ಹೇಳಿದರೆ ಅವನು ರಜೆಯನ್ನೇ ನಂಬುವುದಿಲ್ಲ.

9. ಹೆಂಗಸರನ್ನು ಯಾಕೆ ಕರೆಯುತ್ತಿಲ್ಲ?

ನಾನು ತಡವಾಗಿ ಮಾಡಿದ ಒಳ್ಳೆ ಕೆಲಸ ಇದು. ಸುತ್ತಮುತ್ತಲೇ ಇರುವ ಹೆಂಗಸರಿಗೆ ಬೆಳಿಗ್ಗೆ ಐದಕ್ಕೆ ಬರಲಾಗುವುದಿಲ್ಲ, ಮಕ್ಕಳನ್ನು ಶಾಲೆಗೆ ಕಳಿಸಬೇಕು. ಆ ಎರಡು ಶಿಫ್ಟ್ ಬಿಟ್ಟು ಅವರಿಗೇ ಅಂತ ಒಂಬತ್ತೂವರೆಯಿಂದ ನಾಲ್ಕರ ಶಿಫ್ಟ್ ಇಟ್ಟೆ. ತರಕಾರಿ ಹೆಚ್ಚುವುದು, ಚಪಾತಿ, ಪಾರ್ಸೆಲ್ ಕಟ್ಟುವುದು. ಈಗ ಮೂವರು ಇದ್ದಾರೆ. ರೂಮು ಬೇಡ, ರೈಲು ಬೇಡ. ಆದರೆ ಬೇರೆ ಟಾಯ್ಲೆಟ್ ಬೇಕೇ ಬೇಕು, ಬಟ್ಟೆ ಬದಲಿಸಲು ಚಿಲಕ ಇರುವ ಜಾಗ ಬೇಕು. ಹತ್ತು ಅಥವಾ ಜಾಸ್ತಿ ಜನ ಇರುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ 2013ರ ಕಾಯ್ದೆ ಪ್ರಕಾರ ಇರಲೇಬೇಕು. ಹೆಸರಿಗೆ ಮಾಡಬೇಡಿ. ಯಾರಿಗೆ ಹೇಳಬೇಕು ಅಂತ ಆ ಮೂವರಿಗೂ ಗೊತ್ತಿರಲಿ.

10. ಕಾಗದ ಪತ್ರ, ಮತ್ತೆ ಬೀಳ್ಕೊಡುಗೆ

ಹತ್ತು ಅಥವಾ ಜಾಸ್ತಿ ಜನ ಇದ್ದರೆ ಇಎಸ್‌ಐ, ಅಂದರೆ ಕೆಲಸಗಾರರ ಆರೋಗ್ಯ ವಿಮೆ. ತಿಂಗಳ ಸಂಬಳ 21,000 ರೂಪಾಯಿವರೆಗೆ ಇರುವವರಿಗೆ ಓನರ್ ಪಾಲು ಶೇ. 3.25, ಕೆಲಸಗಾರನ ಪಾಲು ಶೇ. 0.75. 18,000 ಸಂಬಳಕ್ಕೆ ನೀವು 585, ಅವನು 135. ಬಾಣಲೆ ಎಣ್ಣೆ ಕೈಮೇಲೆ ಬಿದ್ದ ದಿನ ಈ 585ರ ಬೆಲೆ ಗೊತ್ತಾಗುತ್ತದೆ. 20 ಅಥವಾ ಜಾಸ್ತಿ ಜನ ಇದ್ದರೆ ಪಿಎಫ್ (ಭವಿಷ್ಯ ನಿಧಿ). ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಹಾಗಾಗಿ ನೇಮಕಾತಿ ಪತ್ರ ಎಲ್ಲರಿಗೂ ಕೊಡಬೇಕು. ಕೆಲಸ ಬಿಟ್ಟವನ ಲೆಕ್ಕ ಎರಡು ಕೆಲಸದ ದಿನಗಳಲ್ಲಿ ಚುಕ್ತಾ ಆಗಬೇಕು. ನಿಮ್ಮ ಲೆಕ್ಕದವರ ಹತ್ತಿರ ಒಂದು ಅರ್ಧ ದಿನ ಕೂತು ಇದನ್ನೆಲ್ಲ ಸರಿಮಾಡಿಸಿಕೊಳ್ಳಿ.

ಹೋಗುವವನನ್ನು ತಡೆಯಬೇಡಿ. ಡೆಲಿವರಿ ಬೈಕ್ ಓಡಿಸುತ್ತೇನೆ ಅಂತ ನಮ್ಮಲ್ಲಿಂದ ಐವರು ಹೋದರು. ಬಾಕಿ ಪೂರ್ತಿ ಕೊಟ್ಟೆ, ಒಂದು ಕಾಫಿ ಕುಡಿಸಿದೆ, ಯಾಕೆ ಹೋಗ್ತಿದ್ದೀಯ ಅಂತ ಕೇಳಿ ಹಾಜರಿ ಪುಸ್ತಕದ ಹಿಂದೆ ಬರೆದಿಟ್ಟುಕೊಂಡೆ. ನಂಬರ್ ಅಳಿಸಲಿಲ್ಲ. ಜುಲೈ ಮಳೆಯಲ್ಲಿ ಎರಡು ಸಲ ಬೈಕಿಂದ ಬಿದ್ದ ಮೇಲೆ ಒಬ್ಬ ಫೋನ್ ಮಾಡಿದ: "ಭೈಯಾ, ಕಾಫಿ ಕೌಂಟರ್ ಖಾಲಿ ಇದೆಯಾ?" ಕನ್ನಡದಲ್ಲೇ ಕೇಳಿದ. ಖಾಲಿ ಇರಲಿಲ್ಲ. ಹದಿನೈದನೆಯವನಾಗಿ ಬಾ ಅಂದೆ.